ಮಗಳಿಗೊಂದು ಪತ್ರ: ಬೋರ್ಡಿನ ಮೂಲೆಯ ಹೆಸರುಗಳು

ಮಂಡ್ಯ

ಪ್ರೀತಿಯ ಪುಟ್ಟಿ,

ಹಾಸ್ಟೆಲ್ ಫೋನಿನಲ್ಲಿ ಸಿಗುವ ಐದು ನಿಮಿಷದಲ್ಲಿ ಈ ಮಾತು ಮುಗಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕ್ಲಾಸ್ ಲೀಡರ್ ಆದೆ ಅಂತ ಅಜ್ಜಿ ಬೀದಿಗೆಲ್ಲ ಹೇಳಿಕೊಂಡು ಬಂದರು. ನನಗೂ ಖುಷಿಯೇ. ಆದರೆ ಆಮೇಲೆ ನೀನು ಹೇಳಿದ್ದು ತಲೆ ಕೊರೆಯುತ್ತಿದೆ. ಟೀಚರ್ ಇಲ್ಲದ ಪೀರಿಯಡ್‌ನಲ್ಲಿ ಮಾತಾಡಿದವರ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆಯಬೇಕು. ಮತ್ತೆ ಬಾಯಿ ಬಿಟ್ಟರೆ ಹೆಸರಿನ ಮುಂದೆ ಒಂದು ಇಂಟು, ಆಮೇಲೂ ಬಿಟ್ಟರೆ ಇನ್ನೊಂದು. ನಮ್ಮ ಕಾಲದಲ್ಲೂ ಹೀಗೇ ಇತ್ತು. ಸೀಮೆಸುಣ್ಣ ಹಿಡಿದವಳ ಗೆಳತಿಯರ ಹೆಸರು ಮಾತ್ರ ಯಾವತ್ತೂ ಬೋರ್ಡಿಗೆ ಬರುತ್ತಿರಲಿಲ್ಲ, ಅದು ಬೇರೆ ವಿಷಯ.

ಮೂರು ಇಂಟು ಬಿದ್ದ ಹುಡುಗಿಗೆ ಐವತ್ತು ಬಸ್ಕಿ ಹೊಡೆಸಿದರು ಅಂದೆ. ಅವಳು ಪಕ್ಕದವಳ ಹತ್ತಿರ ಪ್ಯಾಡ್ ಇದೆಯಾ ಅಂತ ಕೇಳುತ್ತಿದ್ದಳು ಅನ್ನುವುದು ರಾತ್ರಿ ಹಾಸ್ಟೆಲ್‌ನಲ್ಲಿ ನಿನಗೆ ಗೊತ್ತಾಯಿತಂತೆ. ಹುಡುಗರ ಮುಂದೆ, ಸರ್ ಮುಂದೆ ಅವಳು ಅದನ್ನು ಹೇಗೆ ಹೇಳಬೇಕಿತ್ತು? "ನಾನು ಹೆಸರು ಬರೆದೆ ಅಷ್ಟೇ ಅಮ್ಮ" ಅಂತ ನೀನು ಎರಡೆರಡು ಸಲ ಅಂದೆ. ಶಿಕ್ಷೆ ಕೊಟ್ಟಿದ್ದು ನೀನಲ್ಲ, ನಿಜ. ಆದರೆ ಸರ್ ಹತ್ತಿರ ಇದ್ದ ಸಾಕ್ಷಿ ನಿನ್ನ ಪಟ್ಟಿ ಒಂದೇ. ಅದರಲ್ಲಿ ಹೆಸರಿತ್ತು, ಕಾರಣ ಇರಲಿಲ್ಲ. ಅವರೂ ಕೇಳಲಿಲ್ಲ.

ಕೇಳಬೇಕಿತ್ತು. ಮಕ್ಕಳಿಗೆ ಸಂಬಂಧಪಟ್ಟ ವಿಷಯದಲ್ಲಿ ಅವರ ಮಾತನ್ನೂ ಕೇಳಬೇಕು ಅಂತ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯಲ್ಲಿದೆ. 1992ರಲ್ಲಿ ನಮ್ಮ ದೇಶವೂ ಅದನ್ನು ಒಪ್ಪಿಕೊಂಡಿದೆ. ಇನ್ನು ಬಸ್ಕಿ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಕ್ಕಳನ್ನು ದೈಹಿಕವಾಗಿ ಶಿಕ್ಷಿಸುವುದು, ಮಾನಸಿಕವಾಗಿ ಹಿಂಸಿಸುವುದು ಎರಡೂ ತಪ್ಪು. ಮಾತೆತ್ತಿದರೆ "ಟಿ.ಸಿ. ಕೊಟ್ಟು ಕಳಿಸ್ತೀವಿ" ಅಂತಾರಲ್ಲ, ಅದಕ್ಕೂ ಹೆದರಬೇಡ. ಎಂಟನೇ ಕ್ಲಾಸ್ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ.

ಇದೆಲ್ಲ ನನಗೆ ಗೊತ್ತಾಗಿದ್ದು ನಿನ್ನ ತಮ್ಮನ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಸೇರಿದ ಮೇಲೆ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು ಅಂತ ಕಾನೂನೇ ಹೇಳುತ್ತದೆ. ಹಾಗಾಗಿ ನನಗೂ ಒಂದು ಕುರ್ಚಿ ಸಿಕ್ಕಿತು. ಅಲ್ಲಿ ಕೂತರೆ ಗೊತ್ತಾಗುತ್ತದೆ, ಕೋಲು ಬೇಕು ಅನ್ನುವವರು ಮೇಷ್ಟರಿಗಿಂತ ಅಪ್ಪ ಅಮ್ಮಂದಿರೇ ಜಾಸ್ತಿ. "ಕಣ್ಣೊಂದು ಬಿಟ್ಟು ಎಲ್ಲಿಗಾದರೂ ಬಾರಿಸಿ ಸಾರ್" ಅಂತ ಗೇಟಿನಲ್ಲೇ ಹೇಳಿ ಹೋಗುತ್ತಾರೆ. ಪಾಪ, ಹೆಡ್‌ಮೇಷ್ಟರೇ ಅವರಿಗೆ ಕಾನೂನು ಹೇಳಬೇಕು.

ಈಗ ಇನ್ನೊಂದು ವಿಷಯ. ನಿಮ್ಮ ಕನ್ನಡ ಮೇಡಂ ಬೋರ್ಡ್ ಕಡೆ ತಿರುಗಿದ ತಕ್ಷಣ ಇಡೀ ಕ್ಲಾಸು ಬಾಯಿ ಮುಚ್ಚಿಕೊಂಡು ಮೂಗಿನಲ್ಲಿ "ಹೂಂ" ಅಂತ ಸದ್ದು ಮಾಡುತ್ತದೆ, ಯಾರು ಅಂತ ಗೊತ್ತೇ ಆಗುವುದಿಲ್ಲ ಅಂತ ನಗುತ್ತಾ ಹೇಳಿದೆ. ನನಗೆ ನಗು ಬರಲಿಲ್ಲ. ಆ ಮೇಡಂ ಹೊಡೆಯುವುದಿಲ್ಲ, ಬೈಯುವುದೂ ಕಡಿಮೆ. ಅವರಿಗೇ ಈ ಕಾಟ. ಬಸ್ಕಿ ಹೊಡೆಸುವ ಸರ್ ಕ್ಲಾಸಿನಲ್ಲಿ ಪಿನ್ ಬಿದ್ದರೂ ಕೇಳಿಸುತ್ತದೆ. ಹಾಗಾದರೆ ನಿಮ್ಮ ಮರ್ಯಾದೆ ಯಾರಿಗೆ, ಮೇಷ್ಟರಿಗಾ ಕೋಲಿಗಾ? ಹೊಡೆಯಬಾರದು ಅಂತ ಕೇಳುವ ಹಕ್ಕು ನಿಮಗಿದೆ. ಹೊಡೆಯದೆ ಪಾಠ ಮಾಡುವವರು ಅಳುವ ಹಾಗೆ ಮಾಡುವ ಹಕ್ಕು ಯಾರೂ ಕೊಟ್ಟಿಲ್ಲ. ಆ ಸದ್ದಿನಲ್ಲಿ ನಿನ್ನದೂ ಸೇರಿದೆಯಾ ಅಂತ ಕೇಳುವುದಿಲ್ಲ, ನಿನಗೇ ಗೊತ್ತಲ್ವಾ.

ಎರಡು ಜಡೆ, ರಿಬ್ಬನ್ ಬಗ್ಗೆ ನಿನ್ನ ಗೊಣಗಾಟ ಇದ್ದದ್ದೇ. ಅದು ಅಂಥ ದೊಡ್ಡ ಅನ್ಯಾಯ ಅಂತ ನನಗನ್ನಿಸುವುದಿಲ್ಲ, ಹಾಕ್ಕೋ. ಬೆಳಗ್ಗೆ ಪ್ರೇಯರ್‌ಗೆ ತಡ ಮಾಡಬೇಡ.

"ಲೀಡರ್ ಬಿಟ್ಟುಬಿಡಲಾ?" ಅಂತ ಕೇಳಿದೆಯಲ್ಲ, ಸುಮ್ನೆ ಬಿಡಬೇಡ. ನೀನು ಬಿಟ್ಟರೆ ಇನ್ನೊಬ್ಬಳು ಅದೇ ಸೀಮೆಸುಣ್ಣ ಹಿಡಿಯುತ್ತಾಳೆ, ಅದೇ ಇಂಟು ಹಾಕುತ್ತಾಳೆ. ಬರೆಯುವ ಮೊದಲು ಬೆಂಚಿನ ಹತ್ತಿರ ಹೋಗಿ ಏನಾಯಿತು ಅಂತ ಕೇಳು. ಅರ್ಧ ಹೆಸರು ಅಲ್ಲೇ ಕಮ್ಮಿಯಾಗುತ್ತವೆ. ಬಸ್ಕಿ ಹೊಡೆದ ಹುಡುಗಿಯ ಹತ್ತಿರ ಮೊದಲು ಮಾತಾಡು. ಅವಳು ಒಪ್ಪಿದರೆ ಮಾತ್ರ ನಡೆದಿದ್ದನ್ನು ವಾರ್ಡನ್ ಮೇಡಂಗೆ ಹೇಳೋಣ. ಅವಳಿಗೆ ಬೇಡ ಅನ್ನಿಸಿದರೆ ಹೆಸರು ಎತ್ತದೆ, ಪಟ್ಟಿ ನೋಡಿ ಬಸ್ಕಿ ಹೊಡೆಸುವುದು ಬೇಡ ಅಂತಷ್ಟೇ ಕೇಳೋಣ. ಇನ್ನೂ ದೊಡ್ಡದೇನಾದರೂ ಆಗಿ, ಯಾರ ಹತ್ತಿರವೂ ಹೇಳಲಾಗದಿದ್ದರೆ ಮಕ್ಕಳ ಸಹಾಯವಾಣಿ 1098 ನೆನಪಿರಲಿ.

ಬರುವ ಭಾನುವಾರ ಬೆಳಗಿನ ರೈಲಿಗೆ ಮೈಸೂರಿಗೆ ಬರುತ್ತೇನೆ. ಚಕ್ಕುಲಿ ಮಾಡಿಟ್ಟಿದ್ದೇನೆ, ಅವಳಿಗೂ ಸೇರಿಸಿ. ವಾರ್ಡನ್ ಹತ್ತಿರ ಮಾತಾಡುವುದು ನೀನೇ. ನಾನು ಪಕ್ಕದಲ್ಲಿ ಕೂತಿರುತ್ತೇನೆ.

ನಿನ್ನ
ಅಮ್ಮ