ಫೋಲಿಕ್ ಆಸಿಡ್: ತಾಯಿ ಕಾರ್ಡ್ ಆಗುವವರೆಗೆ ಕಾಯಬೇಡಿ

ಸಂಪಾದಕರಿಗೆ,

ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಫೋಲಿಕ್ ಆಸಿಡ್ ಗುಳಿಗೆ ಬಸುರಿಯ ಕೈಗೆ ಬರುವುದು ತಾಯಿ ಕಾರ್ಡ್ ಮಾಡಿಸಿದ ಮೇಲೆ. ಅಷ್ಟರಲ್ಲಿ ಎರಡು, ಮೂರು ತಿಂಗಳು ತುಂಬಿರುತ್ತದೆ. ಈ ಗುಳಿಗೆ ಮಾಡಬೇಕಾದ ಅತಿ ಮುಖ್ಯ ಕೆಲಸದ ಹೊತ್ತು ಆಗಲೇ ಮೀರಿರುತ್ತದೆ.

ಮಗುವಿನ ಮಿದುಳು, ಬೆನ್ನುಹುರಿಯಾಗಿ ಬೆಳೆಯುವ ನರಕೊಳವೆ ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಲೆಕ್ಕ ಹಾಕಿದರೆ, ಮುಟ್ಟು ತಪ್ಪಿ ಎರಡು ವಾರವಷ್ಟೇ. ಎಷ್ಟೋ ಹೆಣ್ಣುಮಕ್ಕಳಿಗೆ ಬಸುರು ಎಂಬುದೇ ಆಗ ಖಾತ್ರಿಯಾಗಿರುವುದಿಲ್ಲ. ಕೊಳವೆಯ ಮೇಲ್ತುದಿ ಮುಚ್ಚದಿದ್ದರೆ ಮಿದುಳು, ತಲೆಬುರುಡೆ ಪೂರ್ತಿ ಬೆಳೆಯುವುದಿಲ್ಲ, ಅಂಥ ಮಗು ಉಳಿಯುವುದಿಲ್ಲ. ಕೆಳಗೆ ತೆರೆದೇ ಉಳಿದರೆ ಬೆನ್ನಿನ ಮೇಲೆ ಗಂಟು, ಕಾಲಲ್ಲಿ ಬಲವಿಲ್ಲದಿರುವುದು, ಮಲಮೂತ್ರದ ಮೇಲೆ ಹಿಡಿತ ತಪ್ಪುವುದು, ತಲೆಯಲ್ಲಿ ನೀರು ತುಂಬುವುದು, ಇವೆಲ್ಲ ಬರಬಹುದು. ಜೀವಕೋಶಗಳು ಬೇಗಬೇಗ ಹುಟ್ಟಲು ಡಿಎನ್‌ಎ ತಯಾರಾಗಬೇಕು, ಅದಕ್ಕೆ ಫೋಲೇಟ್ ಎಂಬ ಬಿ ವಿಟಮಿನ್ ಬೇಕು; ಗುಳಿಗೆಯಲ್ಲಿರುವ ಫೋಲಿಕ್ ಆಸಿಡ್ ಅದರದೇ ಒಂದು ರೂಪ. ಇಂಥ ಮಗು ಹುಟ್ಟಿದಾಗ ಗ್ರಹಣವನ್ನೋ ಸೊಸೆಯ ಕಾಲ್ಗುಣವನ್ನೋ ದೂರುವುದು ದೊಡ್ಡ ಅನ್ಯಾಯ.

ಆದ್ದರಿಂದ ಮಗು ಬೇಕೆಂದುಕೊಂಡವರು ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಶುರು ಮಾಡಿ, 12 ವಾರ ತುಂಬುವವರೆಗೆ ಬಿಡದೆ ತೆಗೆದುಕೊಳ್ಳಬೇಕು. ಉಂಡ ಮೇಲಾದರೂ ಸರಿ, ಉಣ್ಣುವ ಮೊದಲಾದರೂ ಸರಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಕಿಲ್ಲ. ಮೊದಲೇ ಶುರು ಮಾಡಿರದವರು ಮುಟ್ಟು ತಪ್ಪಿದ ದಿನವೇ ಶುರು ಮಾಡಲಿ.

ಇಲ್ಲೊಂದು ಗೊಂದಲವಿದೆ. ನಾಲ್ಕನೇ ತಿಂಗಳಿಂದ ಸರ್ಕಾರ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಎರಡೂ ಇರುತ್ತವೆ. ಹೊಟ್ಟೆ ತೊಳಸುವುದು, ಮಲ ಕಪ್ಪಾಗುವುದು, ಮಲಬದ್ಧತೆ ಇವು ಕಬ್ಬಿಣದಿಂದ ಆಗುವಂಥವು. ಅಕ್ಕನಿಗೆ ಕೆಂಪು ಗುಳಿಗೆ ಒಗ್ಗಲಿಲ್ಲ ಎಂದು ತಂಗಿ ಬರೀ ಫೋಲಿಕ್ ಆಸಿಡ್ ಗುಳಿಗೆಯನ್ನೂ ದೂರವಿಡುವುದು ತಪ್ಪು. ಕೆಂಪು ಗುಳಿಗೆಯನ್ನೂ ನಾಲ್ಕನೇ ತಿಂಗಳಿಂದ ಬಿಡದೆ ನುಂಗಬೇಕು; ಚಹಾದ ಜೊತೆಗಾಗಲಿ ಕ್ಯಾಲ್ಸಿಯಂ ಗುಳಿಗೆಯ ಜೊತೆಗಾಗಲಿ ಬೇಡ.

ಇನ್ನೊಂದು ಗೊಂದಲ ಅಳತೆಯದು. ಔಷಧ ಅಂಗಡಿಯಲ್ಲಿ ‘ಫೋಲಿಕ್ ಆಸಿಡ್ ಕೊಡಿ’ ಎಂದರೆ ಬಹಳ ಕಡೆ 5 ಮಿಲಿಗ್ರಾಂನದು ಕೊಡುತ್ತಾರೆ. ಅದು 400 ಮೈಕ್ರೋಗ್ರಾಂನ ಹನ್ನೆರಡೂವರೆ ಪಟ್ಟು. ಹಿಂದೆ ನರಕೊಳವೆ ದೋಷದ ಮಗು ಹುಟ್ಟಿದವರಿಗೆ, ಮೂರ್ಛೆರೋಗಕ್ಕೆ ವಾಲ್‌ಪ್ರೋಯೇಟ್‌ನಂಥ ಔಷಧ ನಡೆದಿರುವವರಿಗೆ, ಸಕ್ಕರೆ ಕಾಯಿಲೆಯವರಿಗೆ ವೈದ್ಯರು 4 ಅಥವಾ 5 ಮಿಲಿಗ್ರಾಂ ಬರೆಯುತ್ತಾರೆ. 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಲ್ಲಿ, ಹಿಂದೆ ಇಂಥ ಗರ್ಭ ಧರಿಸಿದ್ದ ತಾಯಂದಿರಲ್ಲಿ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಸಿಡ್ ಈ ದೋಷ ಮರುಕಳಿಸುವುದನ್ನು 72% ತಡೆಯಿತು. ಉಳಿದವರು ದೊಡ್ಡ ಗುಳಿಗೆಯನ್ನು ತಾವಾಗಿ ತಿಂಗಳುಗಟ್ಟಲೆ ನುಂಗಬಾರದು. ಹೈನು ಕಡಿಮೆ ಇರುವ ಸಸ್ಯಾಹಾರಿಗಳಲ್ಲಿ ವಿಟಮಿನ್ ಬಿ12 ಕೊರತೆ ಹೆಚ್ಚು. ಹೆಚ್ಚಿನ ಫೋಲಿಕ್ ಆಸಿಡ್ ಅವರ ರಕ್ತಹೀನತೆಯನ್ನು ಮರೆಮಾಡುತ್ತದೆ, ಒಳಗೆ ನರಗಳ ಹಾನಿ ಮಾತ್ರ ಮುಂದುವರಿಯುತ್ತದೆ. ಕೈಕಾಲು ಜೋಮು ಹಿಡಿಯುತ್ತಿದ್ದರೆ ಬಿ12 ಪರೀಕ್ಷೆ ಮಾಡಿಸಿ. ಮೂರ್ಛೆಯ ಔಷಧವನ್ನು ಮಾತ್ರ ಯಾರೂ ಸ್ವಂತ ತೀರ್ಮಾನದಿಂದ ನಿಲ್ಲಿಸಬಾರದು.

ಊಟದಿಂದಲೇ ಸಾಲದೇ ಎಂದು ಹಿರಿಯರು ಕೇಳುವುದು ಸಹಜ. ನಮ್ಮ ಊಟ ಒಳ್ಳೆಯದೇ. ತೊಗರಿ, ಕಡಲೆ, ಹೆಸರು, ಶೇಂಗಾ, ಮೆಂತ್ಯ, ಪಾಲಕ್ ಎಲ್ಲದರಲ್ಲೂ ಫೋಲೇಟ್ ಇದೆ. ಆದರೆ ಅದು ನೀರಿನಲ್ಲಿ ಕರಗುತ್ತದೆ, ಬಿಸಿಗೆ ಕೆಡುತ್ತದೆ. ಪುಂಡಿಪಲ್ಯದ ಹುಳಿ ಹೋಗಲೆಂದು ಕುದಿಸಿ ಬಸಿದು ಚೆಲ್ಲುವ ನೀರಿನಲ್ಲಿ ಫೋಲೇಟೂ ಹೋಗುತ್ತದೆ. ಬೇಳೆ ಬೇಯಿಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವ ರೂಢಿಯೂ, ರೊಟ್ಟಿಯ ಜೊತೆ ಹಸಿ ಮೆಂತ್ಯ ತಿನ್ನುವ ರೂಢಿಯೂ ಇದಕ್ಕಿಂತ ಎಷ್ಟೋ ಮೇಲು. ಸೊಪ್ಪನ್ನು ಚೆನ್ನಾಗಿ ತೊಳೆದಿರಬೇಕು, ಅಷ್ಟೆ. ಹಾಗಿದ್ದರೂ ಬಸುರಿಗೆ ದಿನಕ್ಕೆ ಬೇಕಾದದ್ದು 570 ಮೈಕ್ರೋಗ್ರಾಂ ಫೋಲೇಟ್, ಊಟವೊಂದರಿಂದಲೇ ಅಷ್ಟು ಒದಗಿಸಿಕೊಳ್ಳುವುದು ಕಷ್ಟ.

ಪಡಿತರದ ಸಾರವರ್ಧಿತ ಅಕ್ಕಿಯಲ್ಲಿ ಬೆರೆಸಿದ ಕಾಳುಗಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಎಸೆಯುವವರಿದ್ದಾರೆ. ಅವು ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮಾಡಿದ ಕಾಳುಗಳು. ಎಸೆಯಬೇಡಿ. ಆದರೆ ಅಂಥ ಅಕ್ಕಿಯ ಕಿಲೋ ಒಂದಕ್ಕೆ ಇರುವುದು 75ರಿಂದ 125 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ದಿನಕ್ಕೆ 300 ಗ್ರಾಂ ಉಂಡರೂ 40 ಮೈಕ್ರೋಗ್ರಾಂ ದಾಟುವುದಿಲ್ಲ. ಗುಳಿಗೆಯ ಬದಲಿಗೆ ಇದು ಆಗದು.

ಆಡಳಿತಕ್ಕೆ, ಮಠಗಳಿಗೆ ನಮ್ಮ ಕೇಳಿಕೆ ಇಷ್ಟು. ಸಾಮೂಹಿಕ ವಿವಾಹಗಳಲ್ಲಿ ತಾಳಿ, ಸೀರೆಯ ಜೊತೆ ಮೂರು ತಿಂಗಳ ಫೋಲಿಕ್ ಆಸಿಡ್ ಗುಳಿಗೆಯನ್ನೂ ಕೊಡಿ, ಹೇಗೆ ತೆಗೆದುಕೊಳ್ಳಬೇಕೆಂದು ಆಶಾ ಕಾರ್ಯಕರ್ತೆಯಿಂದ ಹೇಳಿಸಿ. ಹೊಸದಾಗಿ ಮದುವೆಯಾದವರ ಪಟ್ಟಿ ಉಪಕೇಂದ್ರದಲ್ಲಿರಲಿ. ದುಡಿಯಲು ಬೆಂಗಳೂರು, ಪುಣೆ, ಮುಂಬೈಗೆ ಹೊರಡುವ ಜೋಡಿಗಳಿಗೆ ಊರು ಬಿಡುವ ಮುನ್ನವೇ ಗುಳಿಗೆ ಸಿಗಬೇಕು; ಹೋದ ಊರಲ್ಲಿ ಅವರ ನೋಂದಣಿ ಇನ್ನೂ ತಡವಾಗುತ್ತದೆ. ಬೆಳಕು, ಕಾವು ಎರಡೂ ಈ ಗುಳಿಗೆಗೆ ಆಗದು. ನಮ್ಮ ಬೇಸಿಗೆಯಲ್ಲಿ ಪತ್ರಾಸಿನ ಮನೆಯವರು ಒಲೆಯ ಹತ್ತಿರವೋ ಕಿಟಕಿಯಲ್ಲೋ ಇಡದೆ, ಮುಚ್ಚಳವಿರುವ ಡಬ್ಬಿಯಲ್ಲಿ ನೆರಳಿರುವ ಕಡೆ ಇಟ್ಟುಕೊಳ್ಳಬೇಕು ಎಂಬುದನ್ನೂ ಕೊಡುವಾಗಲೇ ಹೇಳಬೇಕು.

– ತಾಯಿ-ಮಕ್ಕಳ ಆರೋಗ್ಯ ಸೇವೆಯಲ್ಲಿರುವ ಕೆಲವರು, ಕಲಬುರಗಿ