ಅಂಕಿ ಎಣಿಸಿದ್ದು ಸಾಕು, ಲೆಕ್ಕಾನೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ಹೊಸದೊಂದು ದೊಡ್ಡ ಅವಿಭಾಜ್ಯ ಸಂಖ್ಯೆ ಸಿಕ್ಕಾಗೆಲ್ಲ ಪೇಪರ್‌ಗಳಲ್ಲಿ ಬರೋದು ಅದರಲ್ಲಿ ಎಷ್ಟು ಅಂಕಿ ಇದೆ ಅನ್ನೋದೊಂದೇ. 2024ರಲ್ಲಿ ಸಿಕ್ಕಿದ್ದರಲ್ಲಿ 4 ಕೋಟಿ 10 ಲಕ್ಷ ಚಿಲ್ಲರೆ ಅಂಕಿ ಇವೆ, ಓದಿ ಅಬ್ಬಾ ಅಂತೀವಿ, ಪುಟ ತಿರುಗಿಸ್ತೀವಿ, ಯಾಕಂದ್ರೆ ಓದೋರು ತಾವೇ ಮಾಡಿ ನೋಡೋಕೆ ಅದರಲ್ಲಿ ಏನೂ ಇರಲ್ಲ. ಪೆನ್ನು ಹಿಡಿದು ಕೂತರೆ ಬಗೆಹರಿಯೋ ದೊಡ್ಡ ಸಂಖ್ಯೆಗಳೂ ಇವೆ ಸರ್, ಅಂಥವನ್ನ ಹಾಕಿ.

ಉದಾಹರಣೆಗೆ 429,49,67,297. ಎರಡರ 32ನೇ ಘಾತಕ್ಕೆ ಒಂದು ಕೂಡಿಸಿದ್ರೆ ಬರೋದು ಇದು. ಘಾತವನ್ನ 1, 2, 4, 8, 16 ಅಂತ ದುಪ್ಪಟ್ಟು ಮಾಡ್ತಾ ಹೋಗಿ ಪ್ರತಿ ಸಲ ಒಂದು ಕೂಡಿಸಿದ್ರೆ 3, 5, 17, 257, 65537 ಸಿಗುತ್ತೆ, ಐದೂ ಅವಿಭಾಜ್ಯ, ಅದಕ್ಕೇ 1640ರ ಸುಮಾರಿಗೆ ಫ್ರಾನ್ಸಿನ ಗಣಿತಜ್ಞ ಫರ್ಮಾ ಈ ಸಾಲಲ್ಲಿ ಬರೋವೆಲ್ಲ ಹಂಗೇ ಅಂತ ನಂಬಿದ್ದ. ಆರನೇದೇ ಈ ಸಂಖ್ಯೆ. 1732ರಲ್ಲಿ ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್ ಇದು 641ರಿಂದ ಭಾಗ ಹೋಗುತ್ತೆ ಅಂತ ತೋರಿಸಿಬಿಟ್ಟ, 641 × 67,00,417.

641ನೇ ಯಾಕೆ? ಇದನ್ನ ಭಾಗಿಸೋ ಯಾವ ಅವಿಭಾಜ್ಯ ಸಂಖ್ಯೆಯಿಂದ ಒಂದು ಕಳೆದ್ರೂ ಅದು 64ರಿಂದ ಭಾಗ ಹೋಗಲೇಬೇಕು ಅನ್ನೋ ನಿಯಮ ಇದೆ, ಹಂಗಾಗಿ ನೋಡಬೇಕಾದ್ದು 193, 257, 449, 577, ಆಮೇಲೆ 641, ಐದನೇದಕ್ಕೇ ಸಿಕ್ಕಿಬೀಳುತ್ತೆ. ಆದ್ರೆ ಅಷ್ಟುದ್ದದ ಭಾಗಾಕಾರಾನೂ ಬೇಡ, ನೋಡಿ. 641 ಅಂದ್ರೆ 640 + 1, ಆ 640 ಅಂದ್ರೆ 5 × 128, 128 ಎರಡರ ಏಳನೇ ಘಾತ. 641ರಿಂದ ಭಾಗಿಸೋವಾಗ 640 ಅಂದ್ರೆ ಮೈನಸ್ ಒಂದು ಇದ್ದಂಗೆ, ನಾಲ್ಕು 640 ಗುಣಿಸಿದ್ರೆ ಶೇಷ ಒಂದು. ಆ ಗುಣಲಬ್ಧ 625 × ಎರಡರ 28ನೇ ಘಾತ. 625 ಅನ್ನೋದು 641ಕ್ಕಿಂತ 16 ಕಮ್ಮಿ, ಆ ಜಾಗಕ್ಕೆ ಮೈನಸ್ 16 ಹಾಕಿ, 16 ಎರಡರ ನಾಲ್ಕನೇ ಘಾತ ಅಲ್ವಾ, 28ಕ್ಕೆ 4 ಸೇರಿ 32 ಆಯ್ತು. ಮೈನಸ್ ಚಿಹ್ನೆ ಹಾಕಿದ ಎರಡರ 32ನೇ ಘಾತದ ಶೇಷ ಒಂದು, ಅಂದ್ರೆ ಚಿಹ್ನೆ ಇಲ್ಲದ ಎರಡರ 32ನೇ ಘಾತದ ಶೇಷ ಮೈನಸ್ ಒಂದು, ಅದಕ್ಕೆ ಒಂದು ಕೂಡಿಸಿದ್ರೆ ಸೊನ್ನೆ! ಎಷ್ಟು ಚೆಂದ ಇದು, 429 ಕೋಟಿ ದಾಟಿದ ಸಂಖ್ಯೆಯನ್ನ ಒಂದು ಸಲಾನೂ ಪೂರ್ತಿ ಬರೀದೇ ಭಾಗಿಸಿದಂಗಾಯ್ತು.



ಮಕ್ಕಳ ಪುಟದಲ್ಲೋ ಭಾನುವಾರದ ಪುರವಣಿಯಲ್ಲೋ ಇಂಥದ್ದೊಂದನ್ನ ಹಂತ ಹಂತವಾಗಿ ಬಿಡಿಸಿ ಹಾಕಿ, ಹೈಸ್ಕೂಲ್ ಮಕ್ಕಳಿಗೆ ಘಾತದ ಗುಣಾಕಾರ ಬಂದ್ರೆ ಸಾಕು. 65537 ಆದಮೇಲೆ ಈ ಸಾಲಲ್ಲಿ ಇನ್ನೊಂದು ಅವಿಭಾಜ್ಯ ಸಂಖ್ಯೆ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ, ಇಲ್ಲವೇ ಇಲ್ಲ ಅಂತ ಸಾಧಿಸಿದವರೂ ಇಲ್ಲ, ಆ ಮಾತನ್ನೂ ಮಕ್ಕಳಿಗೆ ತಪ್ಪದೇ ಹೇಳಿ.

ಇಂತಿ,
ನಿಮ್ಮ ಓದುಗ