ಆ ಗ್ರಾಫ್ ಪುಸ್ತಕ ಯಾರಿಗೂ ಕೊಡಬೇಡ

ಸಿಂಡೆಲ್ಫಿಂಗೆನ್, ಜರ್ಮನಿ

ಅವ್ವನಿಗೆ ಮಗನ ನಮಸ್ಕಾರಗಳು.

ನಾನಿಲ್ಲಿ ಚೆನ್ನಾಗಿದ್ದೇನೆ. ಹೊರಗೆ ಚಳಿ ಜಾಸ್ತಿ, ಆದರೆ ಮನೆಯೊಳಗೆ ಬೆಚ್ಚಗಿರುತ್ತೆ, ಅದರ ಚಿಂತೆ ಬೇಡ. ನಿನ್ನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು, ಇನ್ನು ಸೂಜಿ ಹಿಡಿಯಬಹುದು ಅಂತ ಡಾಕ್ಟರು ಹೇಳಿದರು ಅಂತ ಅಕ್ಕ ಫೋನಿನಲ್ಲಿ ತಿಳಿಸಿದಳು. ಕೇಳಿ ಸಮಾಧಾನವಾಯಿತು. ಅದೇ ಉಸಿರಿನಲ್ಲಿ ಇನ್ನೊಂದು ಮಾತೂ ಹೇಳಿದಳು ನೋಡು. ಮನೆಗೆ ಸುಣ್ಣಬಣ್ಣ ಮಾಡಿಸುವ ಮುಂಚೆ ಅಟ್ಟದ ಮೇಲಿನ ಟ್ರಂಕು ಖಾಲಿ ಮಾಡುತ್ತಾಳಂತೆ. "ಹಳೇ ಕಸೂತಿಯ ಮ್ಯಾಟಿ ಬಟ್ಟೆ, ಬಣ್ಣ ಬಿಟ್ಟ ತೋರಣ, ಹರಕು ಗ್ರಾಫ್ ಪುಸ್ತಕ. ಅದನ್ನೆಲ್ಲ ಯಾರು ಇಟ್ಕೋತಾರೆ?" ಅಂದಳು. ಫೋನಿನಲ್ಲಿ ವಾದ ಮಾಡಿದರೆ ಗೆಲ್ಲುವುದು ಅವಳೇ. ಅದಕ್ಕೇ ಈ ಪತ್ರ. ತೋರಣ ಹೋದರೆ ಹೋಗಲಿ. ನೀನು ಕಸೂತಿಯ ಡಿಸೈನು ಇಳಿಸಿಕೊಂಡ ಆ ಗ್ರಾಫ್ ಪುಸ್ತಕ ಮಾತ್ರ ಯಾರಿಗೂ ಕೊಡಬೇಡ, ರದ್ದಿಗೂ ಹಾಕಬೇಡ.

ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತೆ. ಅಕ್ಕನ ಮಗಳ ಕೈಲಿ ಓದಿಸಿಕೋ.

ನಾನೂ ನಿನ್ನ ಹಾಗೆ ಕ್ರಾಸ್ ಸ್ಟಿಚ್, ಅಂದರೆ ಚೌಕ ಎಣಿಸಿ ಗುಣಾಕಾರದ ಗುರುತಿನ ಹಾಗೆ ಹೊಲಿಯುವ ಕಸೂತಿ, ಹಾಕಲು ಶುರು ಮಾಡಿರುವುದು ನಿನಗೆ ಗೊತ್ತೇ ಇದೆ. ಮಾವ ಕೇಳಿ ನಕ್ಕರಂತೆ, "ಇಂಜಿನಿಯರ್ ಓದಿಸಿದ್ದು ಇದಕ್ಕಾ" ಅಂತ. ನಗಲಿ ಬಿಡು. ಮೊಳಕಾಲ್ಮೂರಿನಲ್ಲಿ ಮಗ್ಗದ ಮೇಲೆ ಕೂತು ರೇಷ್ಮೆ ಸೀರೆಯ ಅಂಚಿಗೆ ಹೂಬಳ್ಳಿ ತೆಗೆಯುವವರಲ್ಲಿ ಗಂಡಸರಿಲ್ಲವಾ? ಇಲ್ಲಿ ನಾನು ಹೋಗುವ ಗುಂಪಿನಲ್ಲೂ ಇಬ್ಬರು ಗಂಡಸರಿದ್ದಾರೆ. ಚಳಿಗಾಲದಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಫ್ಯಾಕ್ಟರಿಯಲ್ಲಿ ದಿನವಿಡೀ ಸ್ಕ್ರೀನ್ ನೋಡಿ ಬಂದವನಿಗೆ ಸಂಜೆ ಬೇರೆ ಏನಾದರೂ ಬೇಕು, ಅಷ್ಟೇ.

"ಅಲ್ಲಿ ಮ್ಯಾಟಿ ಸಿಗುತ್ತಾ?" ಅಂತ ಕೇಳಿದ್ದೆಯಲ್ಲ. ಇಲ್ಲಿ ಎಲ್ಲರೂ ಬಳಸುವುದು ಐಡಾ ಬಟ್ಟೆ. ತಮಾಷೆ ಏನು ಅಂದರೆ, ಕಾರು ಮಾಡುವ ಊರು ಅಂತ ನಾನು ಬಂದ ಈ ಸಿಂಡೆಲ್ಫಿಂಗೆನ್ ಹಿಂದೆ ನೇಕಾರರ ಊರು. ಐಡಾ ಬಟ್ಟೆಗೆ ಹೆಸರಾದ ಜ್ವೈಗಾರ್ಟ್ ಕಂಪನಿ ಇರುವುದೂ ಇಲ್ಲೇ. ಅದು 1877ರಲ್ಲಿ ಶುರುವಾದದ್ದು. ಐಡಾದಲ್ಲಿ ನಾಲ್ಕಾರು ಎಳೆ ಸೇರಿಸಿ ಒಂದೊಂದು ಚೌಕ ನೇಯ್ದಿರುತ್ತಾರೆ, ಚೌಕದ ಮೂಲೆಗಳಲ್ಲಿ ಸೂಜಿಗೆ ತೂತು ತಾನಾಗಿಯೇ ಇರುತ್ತೆ. ಅಂಗುಲಕ್ಕೆ 14 ಚೌಕ ಇದ್ದರೆ 14 ಕೌಂಟ್. 11, 16, 18 ಕೌಂಟೂ ಇವೆ. ಉದ್ದಕ್ಕೂ ಅಡ್ಡಕ್ಕೂ ಲೆಕ್ಕ ಒಂದೇ. ಚೌಕಿಪೇಟೆಯಲ್ಲಿ ನೀನು ಮೀಟರ್ ಲೆಕ್ಕದಲ್ಲಿ ತರುತ್ತಿದ್ದ ಮ್ಯಾಟಿಯಲ್ಲಿ ಹಾಗಿರಲಿಲ್ಲ, ನೆನಪಿದೆಯಾ? ಗ್ರಾಫಿನಲ್ಲಿ ದುಂಡಗಿದ್ದ ಕಮಲ ಟೇಬಲ್ ಕ್ಲಾಥಿಗೆ ಬರುವಷ್ಟರಲ್ಲಿ ಮೊಟ್ಟೆಯ ಹಾಗೆ ಉದ್ದವಾಗುತ್ತಿತ್ತು. ತಪ್ಪು ನಿನ್ನದಲ್ಲ ಅವ್ವ, ಬಟ್ಟೆಯದು.

ದಾರದ ವಿಷಯ ಅಪ್ಪಾಜಿಗೂ ಹೇಳು, ಅವರಿಗೆ ಇಷ್ಟವಾಗುತ್ತೆ. ಇಲ್ಲಿ ಎಲ್ಲರ ಡಬ್ಬಿಯಲ್ಲೂ ಇರುವುದು ಡಿಎಂಸಿ ಕಂಪನಿಯ ದಾರ. ನಿನ್ನ ಆಂಕರ್ ದಾರದ ಥರವೇ, ಎಂಟು ಮೀಟರಿನ ಲಡಿ, ಆರು ಎಳೆ. ಬಣ್ಣದ ನಂಬರ್ ಮಾತ್ರ ಬೇರೆ. ನಿನ್ನ ಕಪ್ಪು 403, ಇವರ ಕಪ್ಪು 310. ಬಣ್ಣ ಐನೂರರಷ್ಟಿವೆ. ಆ ಕಂಪನಿಯ ಊರು ಮುಲೂಸ್, ಫ್ರಾನ್ಸಿನ ಗಡಿಯಲ್ಲಿದೆ. ಇಲ್ಲಿಂದ ಕಾರಿನಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಟ್ಟಬಹುದು. ಬೇಸಿಗೆಯಲ್ಲಿ ಹೋಗಿದ್ದೆ. ಆ ಊರನ್ನು ಫ್ರಾನ್ಸಿನ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರಂತೆ! ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರಲ್ಲ, ಹಾಗೇ. ಒಂದು ಮ್ಯಾಂಚೆಸ್ಟರ್‌ಗೆ ಎಷ್ಟು ಊರುಗಳು ನೆಂಟರೋ.

1746ರಲ್ಲಿ ಅಲ್ಲಿ ಶುರುವಾದದ್ದು ದಾರದ ಕೆಲಸ ಅಲ್ಲ, ಬಟ್ಟೆಗೆ ಅಚ್ಚು ಹಾಕುವ ಕೆಲಸ. ಆಗ ಭಾರತದಿಂದ ಹಡಗಿನಲ್ಲಿ ಹೋಗುತ್ತಿದ್ದ ಹೂವಿನ ಅಚ್ಚಿನ ಹತ್ತಿ ಬಟ್ಟೆಗೆ ಯೂರೋಪಿನಲ್ಲಿ ಹುಚ್ಚು ಬೇಡಿಕೆ ಇತ್ತು. ಅದನ್ನು ನೋಡಿ ಇವರೂ ಮಾಡತೊಡಗಿದರು. ದಾರ ಆಮೇಲೆ ಬಂತು. ಆ ದಾರಕ್ಕೆ ರೇಷ್ಮೆಯಂಥ ಹೊಳಪು ಬರುವುದು ಹತ್ತಿ ನೂಲನ್ನು ಬಿಗಿಯಾಗಿ ಎಳೆದು ಕಾಸ್ಟಿಕ್ ಸೋಡಾದಲ್ಲಿ ಅದ್ದುವುದರಿಂದ. ಮರ್ಸರೈಸ್ ಮಾಡುವುದು ಅಂದರೆ ಅಪ್ಪಾಜಿಗೆ ತಕ್ಷಣ ಗೊತ್ತಾಗುತ್ತೆ. ಕಾಸ್ಟಿಕ್ ಸೋಡಾದಲ್ಲಿ ಅದ್ದುವುದಕ್ಕೆ ಮರ್ಸರ್ ಅನ್ನುವ ಇಂಗ್ಲೆಂಡಿನವನು 1850ರಲ್ಲಿ ಪೇಟೆಂಟ್ ತೆಗೆದುಕೊಂಡಿದ್ದ, ಬಿಗಿಯಾಗಿ ಎಳೆದು ಹೊಳಪು ತರುವುದು ಆಮೇಲೆ ಬಂತು. ಮುಲೂಸಿನಲ್ಲಿ ದಾರ ಇನ್ನೂ ತಯಾರಾಗುತ್ತೆ, ಆದರೆ ಹಳೆಯ ಮಿಲ್ಲಿನ ದೊಡ್ಡ ಕಟ್ಟಡಗಳಲ್ಲಿ ಒಂದರ ತುಂಬ ಈಗ ಚಿತ್ರ ಬರೆಯುವವರು, ಶಿಲ್ಪ ಮಾಡುವವರು ಇದ್ದಾರೆ. ಅಪ್ಪಾಜಿ ದುಡಿದ ಮಿಲ್ಲಿಗೆ ಬೀಗ ಬಿದ್ದಮೇಲೆ ಅಲ್ಲಿ ಬೆಳೆದದ್ದು ಜಾಲಿ. ಅದನ್ನು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತೆ.

ಇರಲಿ, ಪುಸ್ತಕದ ಮಾತಿಗೆ ಬರುತ್ತೇನೆ.

ಈಗ ಡಿಸೈನಿಗೆ ಬರವಿಲ್ಲ ಅವ್ವ. ಫೋನ್ ತೆಗೆದರೆ ಸಾವಿರಾರು. ನಾಲ್ಕೈದು ಯೂರೋ ಕೊಟ್ಟರೆ ಆ ಕ್ಷಣವೇ ಇಳಿಸಿಕೊಳ್ಳಬಹುದು. ನಿಮ್ಮ ಕಾಲದಲ್ಲಿ ಒಂದು ಹೊಸ ಡಿಸೈನು ಕ್ವಾರ್ಟರ್ಸಿಗೆ ಬಂದರೆ ಅದೇ ಸುದ್ದಿ. ಒಬ್ಬರ ಮನೆಯ ಸೊಸೆ ತವರಿನಿಂದ ಹಂಸದ ಜೋಡಿ ತಂದಳು ಅಂದರೆ ಸಾಕು, ಮಧ್ಯಾಹ್ನ ಎಲ್ಲರೂ ಗ್ರಾಫ್ ಶೀಟ್ ಹಿಡಿದು ಅವರ ಜಗಲಿಗೆ ಹಾಜರ್. ಒಬ್ಬರಿಂದ ಒಬ್ಬರು ಇಳಿಸಿಕೊಳ್ಳುವಾಗ ಚೌಕ ತಪ್ಪುತ್ತಿತ್ತು. ಹಾಗಾಗಿ ನಮ್ಮ ಹಂಸದ ಕೊಕ್ಕು ಒಂದು ಚೌಕ ಉದ್ದ, ಎದುರು ಮನೆಯವರ ಹಂಸಕ್ಕೆ ಬಾಲದಲ್ಲಿ ಒಂದು ಪುಕ್ಕ ಕಡಿಮೆ. ತೋರಣ ನೋಡಿಯೇ ಇದು ಯಾರ ಮನೆ ಅಂತ ನಾನು ಹೇಳುತ್ತಿದ್ದೆ.

ಇವತ್ತಿನ ನಿಯಮ ನೋಡಿದರೆ ನಿಮ್ಮ ಇಡೀ ಕ್ವಾರ್ಟರ್ಸಿನವರು ಕಳ್ಳರೇ! ಕೊಂಡ ಡಿಸೈನನ್ನು ನಕಲು ಮಾಡಿ ಗೆಳತಿಗೂ ಕೊಡುವಂತಿಲ್ಲ. ಮೊದಲು ನನಗೆ ಇದು ಜಿಪುಣತನ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಮನೆಯಲ್ಲೇ ಕೂತು ಡಿಸೈನ್ ಮಾಡಿ ಮಾರಿ ಸಂಸಾರ ನಡೆಸುವ ಹೆಂಗಸರು ಎಷ್ಟೋ ಇದ್ದಾರೆ. ನಿನ್ನ ಪುಸ್ತಕದ ಮೊದಲ ಗಿಳಿಯನ್ನು ಯಾರು ಬರೆದರೋ, ಅವರಿಗೆ ಒಂದು ಪೈಸೆಯೂ ಸಿಕ್ಕಿರಲಾರದು, ಅಲ್ವಾ?

ಗ್ರಾಫ್ ಕಾಗದ ಎಲ್ಲರ ಕೈಗೆ ಬರುವ ಮೊದಲು ಎಷ್ಟೋ ಜನಕ್ಕೆ ಬಟ್ಟೆಯೇ ಪುಸ್ತಕ. ಕಂಡ ಹೂವು, ಪ್ರಾಣಿ, ಅಂಚು ಎಲ್ಲವನ್ನೂ ಒಂದು ಬಟ್ಟೆಯ ಮೇಲೆ ಸಣ್ಣದಾಗಿ ಹಾಕಿ ಇಟ್ಟುಕೊಳ್ಳುತ್ತಿದ್ದರು, ಬೇಕಾದಾಗ ನೋಡಿಕೊಳ್ಳಲು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ 1598ನೇ ಇಸವಿ ಹಾಕಿದ ಅಂಥ ಒಂದು ಬಟ್ಟೆ ಇದೆ. ಹಾಕಿದವಳ ಹೆಸರೂ ಅದರ ಮೇಲೆ ಇದೆ, ಜೇನ್ ಬೋಸ್ಟಾಕ್. ಆಮೇಲೆ 1800ರ ಹೊತ್ತಿಗೆ ಬರ್ಲಿನ್ನಿನಲ್ಲಿ ಚೌಕದ ಕಾಗದದ ಮೇಲೆ ಡಿಸೈನ್ ಅಚ್ಚು ಹಾಕಿ, ಒಂದೊಂದು ಚೌಕಕ್ಕೂ ಕೈಯಲ್ಲೇ ಬಣ್ಣ ತುಂಬಿ ಮಾರತೊಡಗಿದರು. ಅದು ಊರೂರಿಗೆ ಹರಡಿತು. ನಿನ್ನ ಗ್ರಾಫ್ ಪುಸ್ತಕ ಆ ದಾರಿಯದೇ.

ಈಗ ಕಂಪ್ಯೂಟರಿಗೆ ಒಂದು ಫೋಟೊ ಕೊಟ್ಟರೆ ಅದೇ ಗ್ರಾಫ್ ಮಾಡಿಕೊಡುತ್ತೆ. ನಾನು ಮೊದಲು ಮೆಚ್ಚಿದ್ದು ಇದನ್ನೇ. ಚಿತ್ರದುರ್ಗದ ಕೋಟೆಯ ಫೋಟೊ ಕೊಟ್ಟೆ. ಅರವತ್ತು ಚಿಲ್ಲರೆ ಬಣ್ಣ ಕೇಳಿತು. ಬಂಡೆಯ ಬೂದಿ ಬಣ್ಣವೇ ಹದಿನೈದು ಥರ. ಇಲ್ಲೊಂದು ಚೌಕ, ಅಲ್ಲೊಂದು ಚೌಕ, ಪ್ರತಿ ಸಲ ಬೇರೆ ದಾರ ಪೋಣಿಸಬೇಕು. ಇಂಥ ಚದುರಿದ ಚೌಕಗಳಿಗೆ ಇಲ್ಲಿಯವರು ಕಾನ್‌ಫೆಟಿ ಅನ್ನುತ್ತಾರೆ. ಹತ್ತು ಅಂಗುಲ ಉದ್ದ, ಹತ್ತು ಅಂಗುಲ ಅಗಲ ಇಟ್ಟುಕೊಂಡರೆ 14 ಕೌಂಟಿನಲ್ಲಿ 19,600 ಚೌಕ. ಎಲ್ಲ ತುಂಬಬೇಕು, ಖಾಲಿ ಬಟ್ಟೆ ಎಲ್ಲೂ ಕಾಣಬಾರದು. ಅಷ್ಟು ಮಾಡಿದರೂ ಕೊನೆಗೆ ಬರುವುದು ಮಸುಕು ಫೋಟೊ. ಅದಕ್ಕಿಂತ ಫೋಟೊಗೇ ಫ್ರೇಮ್ ಹಾಕಿಸಬಹುದಲ್ಲ ಅಂತ ಕೈಬಿಟ್ಟೆ.

ನಿನ್ನ ಗಿಳಿಯಲ್ಲಿ ಇರುವುದು ಐದೇ ಬಣ್ಣ. ಎರಡು ಹಸಿರು, ಕೆಂಪು, ಹಳದಿ, ಕಪ್ಪು. ಕಣ್ಣಿಗೆ ಒಂದೇ ಚೌಕ. ಆದರೂ ದೂರದಿಂದ ನೋಡಿದರೂ ಗಿಳಿ, ಅದೂ ಕತ್ತು ಹೊರಳಿಸಿ ನೋಡುತ್ತಿರುವ ಗಿಳಿ. ಯಾವ ಚೌಕ ಬಿಡಬೇಕು ಅಂತ ಅದನ್ನು ಬರೆದವರಿಗೆ ಗೊತ್ತಿತ್ತು. ಕಂಪ್ಯೂಟರಿಗೆ ಬಿಡುವುದು ಗೊತ್ತಿಲ್ಲ, ಕಂಡದ್ದನ್ನೆಲ್ಲ ತುರುಕುತ್ತೆ. ಆ ಪುಸ್ತಕ ಬೇಕು ಅನ್ನುವುದು ಇದಕ್ಕೇ. ಹಳೆಯದು ಅನ್ನುವ ಮೋಹಕ್ಕಲ್ಲ. ದುಡ್ಡು ಕೊಟ್ಟು ಕೊಂಡ ಎಷ್ಟೋ ಡಿಸೈನಿಗಿಂತ ಅವು ಚೆನ್ನಾಗಿವೆ.

ಹೊಸದರಲ್ಲಿ ಎಲ್ಲವೂ ಕೆಟ್ಟದು ಅಂತ ತಿಳಿಯಬೇಡ. ಒಂದು ಆ್ಯಪ್ ಇದೆ. ಗ್ರಾಫನ್ನು ಟ್ಯಾಬಿನಲ್ಲಿ ದೊಡ್ಡದು ಮಾಡಿ ನೋಡಬಹುದು, ಹಾಕಿ ಮುಗಿಸಿದ ಚೌಕ ಮುಟ್ಟಿದರೆ ಗುರುತು ಬೀಳುತ್ತೆ. ಒಂದು ಬಣ್ಣ ಎಲ್ಲೆಲ್ಲಿ ಬರುತ್ತೆ ಅಂತ ಒಟ್ಟಿಗೆ ತೋರಿಸುತ್ತೆ. ನೀನು ಪೆನ್ಸಿಲಿನಲ್ಲಿ ಗೀಟು ಹಾಕಿ ಹಾಕಿ ಕಾಗದ ತೂತಾಗುತ್ತಿತ್ತಲ್ಲ, ಆ ಕಾಟ ಇಲ್ಲ.

ನಮ್ಮ ಗುಂಪಿನ ವಿಷಯ ಹೇಳಬೇಕು. ವಾರಕ್ಕೊಂದು ಸಂಜೆ ಲೈಬ್ರರಿಯಲ್ಲಿ ಸೇರುತ್ತೇವೆ. ವಯಸ್ಸಾದ ಹೆಂಗಸರು ನಿನ್ನ ಹಾಗೇ ಸ್ಕೂಲಿನಲ್ಲಿ ಕಲಿತವರು. ಅವರು ಹಾಕುವುದು ಟೇಬಲ್ ಕ್ಲಾಥು, ದಿಂಬಿನ ಚೀಲ. ಬಳಸುತ್ತಾರೆ, ಒಗೆಯುತ್ತಾರೆ. ಹುಡುಗಿಯರು ಹಾಗಲ್ಲ. ಅವರದೆಲ್ಲ ಗೋಡೆಗೆ ನೇತುಹಾಕುವಂಥದು. ದುಂಡು ರಿಂಗಿನಲ್ಲೇ ಬಿಟ್ಟು, ಸುತ್ತ ಹೂವು, ನಡುವೆ ಒಂದು ಬೈಗುಳ! ನಿಜ ಹೇಳುತ್ತಿದ್ದೇನೆ. ಹೂಬಳ್ಳಿಯ ನಡುವೆ ಅಚ್ಚುಕಟ್ಟಾಗಿ ಬೈಗುಳ ಹಾಕಿ ಬಚ್ಚಲ ಬಾಗಿಲಿಗೆ ತೂಗುಹಾಕುತ್ತಾರೆ. ನಮ್ಮ ಕಡೆಯ ಬೈಗುಳ ಒಂದು ಹೇಳಿಕೊಡು ಅಂತ ಒಬ್ಬಳು ಕೇಳಿದಳು. ಯಾವುದು ಹೇಳಿಕೊಟ್ಟೆ ಅಂತ ನೀನು ಕೇಳಬೇಡ.

ಒಬ್ಬ ಅಜ್ಜಿ ಇದ್ದಾರೆ. ಬೀರು ತುಂಬ ಅವರು ಹಾಕಿದ ಬಟ್ಟೆಗಳೇ, ಮೊಮ್ಮಕ್ಕಳಿಗೆ ಒಂದೂ ಬೇಡವಂತೆ. ನಮ್ಮ ಅಕ್ಕನ ಮಾತನ್ನೇ ಜರ್ಮನ್ ಭಾಷೆಯಲ್ಲಿ ಕೇಳಿದ ಹಾಗಾಯಿತು. ಅವರಿಗೆ ನಾನು ಧಾರವಾಡದ ಕಸೂತಿಯ ಸೀರೆಯ ಫೋಟೊ ತೋರಿಸಿದೆ, ದೊಡ್ಡಮ್ಮನ ಇಳಕಲ್ ಸೀರೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ, ಅದರ ನಾಲ್ಕು ಹೊಲಿಗೆಗಳನ್ನೂ ತೋರಿಸಿದೆ. ಮೆಂತಿ ನೋಡಿದ ತಕ್ಷಣ ಇದು ನಮ್ಮ ಕ್ರಾಸ್ ಸ್ಟಿಚ್ಚೇ ಅಂದರು. ಗವಂತಿಯೂ ಅವರಿಗೆ ಗೊತ್ತಿತ್ತು, ಇಲ್ಲಿ ಅದಕ್ಕೆ ಹೋಲ್ಬೈನ್ ಹೊಲಿಗೆ ಅನ್ನುತ್ತಾರೆ. ಆದರೆ ಬಟ್ಟೆಯ ಮೇಲೆ ಏನೂ ಬರೆಯದೆ, ಗ್ರಾಫೂ ಇಲ್ಲದೆ, ಗಂಟೂ ಹಾಕದೆ, ಬರೀ ಎಳೆ ಎಣಿಸಿ ರಥ, ಗೋಪುರ, ಆನೆ ಹಾಕುತ್ತಾರೆ ಅಂದಾಗ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ನಂಬಿದರೋ ಇಲ್ಲವೋ.

ನಮ್ಮ ಊರಿನಲ್ಲಿ ಈಗ ಯಾರೂ ಮ್ಯಾಟಿ ಮುಟ್ಟುವುದಿಲ್ಲ ಅಂತ ಅಕ್ಕ ಅಂದಳು. ಬಾಗಿಲಿಗೆ ಪ್ಲಾಸ್ಟಿಕ್ ಹೂವಿನ ತೋರಣ, ಕಸೂತಿ ಅಂದರೆ ಬ್ಲೌಸಿನ ಆರಿ ವರ್ಕ್. ಅವಳ ಮಗಳೂ ಆರಿ ಕಲಿತಿದ್ದಾಳಲ್ಲ, ಮದುವೆ ಸೀಸನ್ನಿನಲ್ಲಿ ಒಳ್ಳೇ ಸಂಪಾದನೆ. ಅದಕ್ಕೆ ನನ್ನ ತಕರಾರಿಲ್ಲ. ನೀವು ರಾತ್ರಿ ಕೂತು ಹಾಕಿದ್ದಕ್ಕೆ ಯಾರೂ ಕೂಲಿ ಕೊಡಲಿಲ್ಲ, ಅವಳಿಗೆ ಕೊಡುತ್ತಾರೆ. ಬಿಡುವಿದ್ದಾಗ ಅವಳಿಂದ ನನಗೊಂದು ಕೆಲಸ ಮಾತ್ರ ಆಗಬೇಕು. ಪುಸ್ತಕದ ಒಂದೊಂದು ಹಾಳೆಯ ಫೋಟೊ ತೆಗೆಯಬೇಕು. ಹಗಲಿನಲ್ಲಿ, ಕಿಟಕಿ ಹತ್ತಿರ, ನೆಲದ ಮೇಲೆ ಹಾಳೆ ಚಪ್ಪಟೆಯಾಗಿ ಇಟ್ಟು, ಫೋನ್ ನೆಟ್ಟಗೆ ಮೇಲಿನಿಂದ ಹಿಡಿದು. ಫ್ಲ್ಯಾಶ್ ಬೇಡ. ನಾಲ್ಕೂ ಅಂಚು ಕಾಣಬೇಕು, ಇಲ್ಲದಿದ್ದರೆ ಚೌಕ ಓರೆಯಾಗುತ್ತೆ. ಅಂಚಿನಲ್ಲಿ ನೀನು ಅಂಟಿಸಿರುವ ದಾರದ ತುಂಡು, ಲಡಿಯ ನಂಬರ್ ಚೀಟಿ ಯಾವುದನ್ನೂ ಕೀಳಬೇಡಿ. ಆ ನಂಬರ್ ಇದ್ದರೆ ಇಲ್ಲಿಯ ಬಣ್ಣಕ್ಕೆ ನಾನು ಹೊಂದಿಸಿಕೊಳ್ಳುತ್ತೇನೆ. ಅಷ್ಟಾದಮೇಲೂ ಪುಸ್ತಕ ನಿನ್ನ ಬೀರುವಿನಲ್ಲೇ ಇರಲಿ.

ನಿನಗೆ 11 ಕೌಂಟಿನ ಬಟ್ಟೆ ತರುತ್ತೇನೆ. ಚೌಕ ದೊಡ್ಡದು, ಕಣ್ಣಿಗೆ ಶ್ರಮ ಇಲ್ಲ. ಎರಡು ಎಳೆಯ ಬದಲು ಮೂರು ಎಳೆ ಹಾಕು, ಇಲ್ಲದಿದ್ದರೆ ನಡುವೆ ಬಟ್ಟೆ ಇಣುಕುತ್ತೆ. ಡಿಸೈನು ಸ್ವಲ್ಪ ಹಿಗ್ಗುತ್ತೆ. 110 ಚೌಕದ ಹಂಸ 14 ಕೌಂಟಿನಲ್ಲಿ ಎಂಟು ಅಂಗುಲಕ್ಕೆ ಮುಟ್ಟುವುದಿಲ್ಲ, 11ರಲ್ಲಿ ಸರಿಯಾಗಿ ಹತ್ತು. ಬಿಳಿ ಬೇಕೋ ಕೆನೆ ಬಣ್ಣ ಬೇಕೋ ಹೇಳಿ ಕಳಿಸು. ರಾತ್ರಿ ಮಾತ್ರ ಹಾಕಬೇಡ, ಮತ್ತೆ ಡಾಕ್ಟರ ಹತ್ತಿರ ಬೈಸಿಕೊಳ್ಳುವುದು ಬೇಡ.

ಅಪ್ಪಾಜಿಗೆ ನಮಸ್ಕಾರ ತಿಳಿಸು. ಮುಲೂಸಿನ ಮಿಲ್ಲಿನ ಫೋಟೊಗಳನ್ನು ಅವರ ಫೋನಿಗೆ ಹಾಕಿದ್ದೇನೆ. ಎಷ್ಟು ಸ್ಪಿಂಡಲ್ ಇತ್ತು ಅಂತ ಮೊದಲು ಕೇಳುತ್ತಾರೆ, ಗೊತ್ತು. ಹೊರಗಿನಿಂದ ನೋಡಿದ್ದು, ಎಣಿಸುವುದಕ್ಕೆ ಆಗಲಿಲ್ಲ ಅಂತ ಹೇಳು. ಮಾವನಿಗೆ ಒಂದು ಕೈಚೌಕ ಹಾಕುತ್ತಿದ್ದೇನೆ, ಮೂಲೆಯಲ್ಲಿ ಅವರ ಹೆಸರಿನ ಮೊದಲ ಅಕ್ಷರ. ಈಗಲೇ ಹೇಳಬೇಡ.

ಇಂತಿ ನಿನ್ನ ಮಗ